600 ವಿಎ ಯುಪಿಎಸ್: ಕಾಸರಗೋಡಿನ ಮನೆಯಲ್ಲಿ ಕಂಪ್ಯೂಟರ್ ತಾನಾಗಿ ಆಫ್ ಆಗುವುದಕ್ಕೆ ಇದು ಮದ್ದೇ?

ಬದಿಯಡ್ಕವಾಗಲಿ, ಉಪ್ಪಳವಾಗಲಿ, ಮುಳ್ಳೇರಿಯವಾಗಲಿ, ಕಂಪ್ಯೂಟರ್ ಅಂಗಡಿಗೆ ಹೋಗಿ "ಕೆಲಸ ಮಾಡ್ತಾ ಇರುವಾಗಲೇ ಆಫ್ ಆಗ್ತದೆ" ಎಂದರೆ ಸಾಮಾನ್ಯವಾಗಿ ಮೊದಲು ಸಿಗುವ ಉತ್ತರ "ಒಂದು ಯುಪಿಎಸ್ ಹಾಕಿ ನೋಡಿ". ಹಾಗೆ ಹೇಳಿ ಕೊಡುವ ಪೆಟ್ಟಿಗೆ ಮೂರು ಸಾವಿರ ರೂಪಾಯಿ ಆಸುಪಾಸಿನ 600 ವಿಎ ಲೈನ್-ಇಂಟರಾಕ್ಟಿವ್ ಯುಪಿಎಸ್, ಅಂದರೆ ಲೈನಿನ ವೋಲ್ಟೇಜನ್ನು ಸರಿದೂಗಿಸುತ್ತ, ಕರೆಂಟ್ ಹೋದಾಗ ಬ್ಯಾಟರಿಯಿಂದ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸುವಂಥದ್ದು. ಕಂಪನಿ ಯಾವುದಾದರೂ ಒಳಗಿನ ರಚನೆ ಹೆಚ್ಚು ಕಡಿಮೆ ಒಂದೇ ಆದ್ದರಿಂದ ಇಲ್ಲಿ ಒಂದು ಕಂಪನಿಯ ಹೆಸರು ಹಿಡಿದು ಹೇಳುವುದಕ್ಕಿಂತ ಈ ಜಾತಿಯ ಯುಪಿಎಸ್ಸನ್ನೇ ನೋಡುವುದು ಉಪಯುಕ್ತ. ತೀರ್ಪು ಮೊದಲೇ ಹೇಳಿಬಿಡಬಹುದು: ವಸ್ತು ಒಳ್ಳೆಯದು, ಆದರೆ ಅದು ಗೋಡೆಯ ಸಾಕೆಟ್ಟಿನಿಂದ ಬರುವ ಕರೆಂಟಿನ ದೋಷಕ್ಕೆ ಮಾತ್ರ ಮದ್ದು. ದೋಷ ಕ್ಯಾಬಿನೆಟ್ಟಿನ ಒಳಗಿದ್ದರೆ ಯುಪಿಎಸ್ ಹಾಕಿದ ಮೇಲೂ ಕಂಪ್ಯೂಟರ್ ಆಫ್ ಆಗುತ್ತದೆ. ಆದ್ದರಿಂದ ದುಡ್ಡು ಬಿಚ್ಚುವ ಮೊದಲು ರೋಗ ಯಾವುದೆಂದು ತಿಳಿಯುವುದು ಮುಖ್ಯ, ಅದಕ್ಕೆ ಅರ್ಧ ದಿನ ಸಾಕು.

ಪೆಟ್ಟಿಗೆಯ ಒಳಗೆ

600 ವಿಎ (ವೋಲ್ಟ್-ಆಂಪಿಯರ್) ಎಂದರೆ 600 ವ್ಯಾಟ್ ಅಲ್ಲ. ಈ ಅಳತೆಯ ಮನೆಬಳಕೆಯ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವ್ಯಾಟ್. ಒಳಗಿರುವುದು 12 ವೋಲ್ಟಿನ, 7 ಆಂಪಿಯರ್-ಅವರಿನ ಸೀಲ್ಡ್ ಲೆಡ್-ಆಸಿಡ್ ಬ್ಯಾಟರಿ ಒಂದೇ ಒಂದು. ಕೆಲವದರಲ್ಲಿ ಇನ್ನೂ ಸಣ್ಣ ಬ್ಯಾಟರಿ ಇರುತ್ತದೆ, ಕೊಳ್ಳುವಾಗ ಕೇಳಿಯೇ ಕೊಳ್ಳಬೇಕು. 12ನ್ನು 7ರಿಂದ ಗುಣಿಸಿದರೆ 84 ವ್ಯಾಟ್-ಅವರ್ ಬರುತ್ತದೆ, ಆದರೆ ಆ ಲೆಕ್ಕ ಬ್ಯಾಟರಿಯನ್ನು 20 ಗಂಟೆ ನಿಧಾನವಾಗಿ ಖಾಲಿ ಮಾಡಿದರೆ ಮಾತ್ರ ಸರಿ. ಕಾಲು ಗಂಟೆಯೊಳಗೆ ಹಿಂಡಿ ತೆಗೆದರೆ ಸಿಗುವುದು ಸುಮಾರು ಅರ್ಧ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್, ಒಂದು ಎಲ್‌ಇಡಿ ಮಾನಿಟರ್ ಸೇರಿ 120 ವ್ಯಾಟ್ ಎಂದಿಟ್ಟುಕೊಳ್ಳಿ. ಬ್ಯಾಟರಿ ಹೊಸತಿರುವಾಗ ಹತ್ತರಿಂದ ಹದಿನೈದು ನಿಮಿಷ ಸಿಕ್ಕಿದರೆ ಅದು ಸರಿಯಾದ ಯುಪಿಎಸ್. ಕಡತ ಉಳಿಸಿ ಕ್ರಮವಾಗಿ ಶಟ್‌ಡೌನ್ ಮಾಡಲು ಅಷ್ಟು ಧಾರಾಳ. ಅದರಲ್ಲಿ ಒಂದು ಗಂಟೆ ಕೆಲಸ ಮಾಡುತ್ತೇನೆಂದು ಹೊರಟರೆ ಬ್ಯಾಟರಿಯ ಆಯುಸ್ಸು ತಿಂದಂತೆ.

ಬ್ಯಾಟರಿಗಿಂತ ನಮ್ಮ ಕಡೆ ಹೆಚ್ಚು ಉಪಯೋಗಕ್ಕೆ ಬರುವುದು ಇದರ ಎವಿಆರ್ ಭಾಗ, ಅಂದರೆ ವೋಲ್ಟೇಜನ್ನು ತಾನೇ ಸರಿದೂಗಿಸುವ ಟ್ರಾನ್ಸ್‌ಫಾರ್ಮರು. ಲೈನಿನಲ್ಲಿ 190 ವೋಲ್ಟ್ ಬಂದರೆ ಒಳಗಿನ ರಿಲೇ "ಟಿಕ್" ಎಂದು ಬದಲಾಗಿ ಸುಮಾರು ಶೇಕಡಾ 15ರಷ್ಟು ಏರಿಸಿ 218ರ ಹತ್ತಿರ ಕೊಡುತ್ತದೆ. ಬ್ಯಾಟರಿ ಮುಟ್ಟುವುದಿಲ್ಲ. ವೋಲ್ಟೇಜು ಇನ್ನೂ ಇಳಿದು ಯುಪಿಎಸ್ಸಿನ ಕೆಳಮಿತಿ ದಾಟಿದರೆ ಮಾತ್ರ ಬ್ಯಾಟರಿಗೆ ಹೋಗುತ್ತದೆ. ಆ ಕೆಳಮಿತಿ ಎಷ್ಟು ಎಂಬುದೇ ಕಾಸರಗೋಡಿನವರು ಪೆಟ್ಟಿಗೆಯ ಮೇಲೆ ಮೊದಲು ಓದಬೇಕಾದ ಅಂಕಿ. 140 ಅಥವಾ 145 ಎಂದಿದ್ದರೆ ಒಳ್ಳೆಯದು. 170, 180 ಎಂದಿದ್ದರೆ ತೋಟದ ನಡುವಿನ ಮನೆಗೆ ಅದು ಬೇಡ.

ಕಾರಣ ತೋಟದ ಪಂಪು. ಬೇಸಗೆ ಹತ್ತಿ ಪತ್ತನಾಜೆಯವರೆಗೆ (ಮೇ ಕೊನೆಯ ಭಾಗದವರೆಗೆ) ಅಡಿಕೆಗೆ ನೀರು ಬಿಡುವ ಕಾಲ. ಎಣ್ಮಕಜೆ, ಬೆಳ್ಳೂರು, ದೇಲಂಪಾಡಿಯಂಥ ಕಡೆ ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗೆ ಉದ್ದ ಲೈನು ಎಳೆದಿರುತ್ತಾರೆ, ಅದೇ ಲೈನಿನಲ್ಲಿ ನಾಲ್ಕೈದು ಸ್ಪ್ರಿಂಕ್ಲರ್ ಪಂಪುಗಳು ಒಟ್ಟಿಗೆ ಓಡಿದರೆ 230 ಇರಬೇಕಾದಲ್ಲಿ 170 ಕಂಡರೂ ಆಶ್ಚರ್ಯವಿಲ್ಲ. ಪಂಪು ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಮೋಟಾರು ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ಆಗ ಲೈನು ಇನ್ನೂ ಕುಸಿಯುತ್ತದೆ. ಕೆಳಮಿತಿ 180 ಇರುವ ಯುಪಿಎಸ್ ಇಂಥ ಸಂಜೆಯಲ್ಲಿ ಬ್ಯಾಟರಿಗೆ ಹೋಗುವುದು, ಲೈನಿಗೆ ಬರುವುದು, ಮತ್ತೆ ಬ್ಯಾಟರಿಗೆ ಹೋಗುವುದು, ಇದನ್ನೇ ಮಾಡುತ್ತಿರುತ್ತದೆ. ಒಮ್ಮೆ ಖಾಲಿಯಾದ ಬ್ಯಾಟರಿ ತುಂಬಲು ಆರರಿಂದ ಎಂಟು ಗಂಟೆ ಬೇಕು, ಆದರೆ ಇಲ್ಲಿ ನಡುವೆ ಸಿಗುವುದು ಎರಡು ಮೂರು ನಿಮಿಷ. ಕೊನೆಗೆ ಮನೆಯಲ್ಲಿ ದೀಪ ಉರಿಯುತ್ತಿರುವಾಗಲೇ ಯುಪಿಎಸ್ ಉದ್ದಕ್ಕೆ ಕೂಗಿ ಕಂಪ್ಯೂಟರನ್ನು ಆಫ್ ಮಾಡುತ್ತದೆ. ಇಲ್ಲಿ ಕಂಪ್ಯೂಟರು ಆಫ್ ಆಗಲು ಯುಪಿಎಸ್ಸೇ ಕಾರಣ. ಹೊಸ ಬ್ಯಾಟರಿ ಹಾಕಿದರೂ ಮುಂದಿನ ಬೇಸಗೆಗೆ ಕಥೆ ಅದೇ.

ಇದನ್ನು ಅಳೆದು ನೋಡುವುದು ಸುಲಭ. ಮುನ್ನೂರು ನಾನೂರು ರೂಪಾಯಿಯ ಸಾದಾ ಮಲ್ಟಿಮೀಟರ್ ಸಾಕು. ಮೀಟರಿನ ನಡುವಿನ ಗುಂಡಿಯನ್ನು ಎಸಿ 750ರ ಸ್ಥಾನಕ್ಕೆ ತಿರುಗಿಸಿ, ಕೆಂಪು ಕಡ್ಡಿ ವೋಲ್ಟ್ ತೂತಿನಲ್ಲೇ ಇದೆಯೇ ನೋಡಿ (10 ಆಂಪಿಯರ್ ತೂತಿನಲ್ಲಿಟ್ಟು ಸಾಕೆಟ್ಟಿಗೆ ಚುಚ್ಚಿದರೆ ಮೀಟರೂ ಕೈಯೂ ಅಪಾಯಕ್ಕೆ ಸಿಗುತ್ತವೆ). ಮಧ್ಯಾಹ್ನ ಒಮ್ಮೆ, ಪಂಪುಗಳು ಓಡುವಾಗ ಒಮ್ಮೆ, ರಾತ್ರಿ ಹತ್ತರ ಮೇಲೆ ಒಮ್ಮೆ ಅಳೆದು ಬರೆದಿಡಿ. 200ರ ಕೆಳಗೆ ಆಗಾಗ ಇಳಿಯುತ್ತಿದ್ದರೆ ಯುಪಿಎಸ್ ಸಾರ್ಥಕ. ಮೂರೂ ಹೊತ್ತು 220ರಿಂದ 240ರೊಳಗಿದ್ದರೆ, ಕರೆಂಟ್ ಹೋಗದೆಯೂ ಕಂಪ್ಯೂಟರ್ ಆಫ್ ಆಗುತ್ತಿದ್ದರೆ, ದೋಷ ಬೇರೆ ಕಡೆ ಇದೆ. ಇನ್ನೊಂದು ಮುಖ್ಯ ಮಾತು: ಒಂದು ಕೋಣೆಯ ಬಲ್ಬು ಮಂಕಾಗುವಾಗ ಇನ್ನೊಂದರದ್ದು ವಿಪರೀತ ಪ್ರಕಾಶವಾದರೆ, ಅಥವಾ ಮೀಟರು 260, 280 ತೋರಿಸಿದರೆ, ಅದು ನ್ಯೂಟ್ರಲ್ ಸಡಿಲವಾದ ಲಕ್ಷಣ. ಆಗ ಮೈನ್ ಸ್ವಿಚ್ ಆಫ್ ಮಾಡಿ ಕೆಎಸ್‌ಇಬಿಯ (ಕೇರಳ ವಿದ್ಯುತ್ ಮಂಡಳಿಯ) 1912ಕ್ಕೆ ಕರೆ ಮಾಡಬೇಕು. ಯಾವ ಯುಪಿಎಸ್ಸೂ ಅದನ್ನು ತಡೆಯಲಾರದು.

ಮನೆಯಲ್ಲಿ ಆಗಲೇ ಇನ್ವರ್ಟರ್ ಇದ್ದರೆ

150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್ ಚಾವಡಿಯ ಮೂಲೆಯಲ್ಲಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಫ್ಯಾನು ನಿಲ್ಲುವುದಿಲ್ಲ, ದೀಪ ಒಮ್ಮೆ ಮಿಣುಕಿ ಉರಿಯುತ್ತದೆ, ಆದರೆ ಕಂಪ್ಯೂಟರ್ ಮಾತ್ರ ಪ್ರತಿ ಸಲ ರೀಸ್ಟಾರ್ಟ್. ಈ ದೂರಿಗೆ ಹೊಸ ಯುಪಿಎಸ್ ಕೊಳ್ಳುವ ಮೊದಲು ಇನ್ವರ್ಟರಿನ ಹಿಂದೆ ಅಥವಾ ಮುಂದೆ ಇರುವ ಸಣ್ಣ ಸ್ವಿಚ್ಚನ್ನು ನೋಡಿ. ಒಂದು ಬದಿ "ಯುಪಿಎಸ್" ಅಥವಾ "ನ್ಯಾರೋ", ಇನ್ನೊಂದು ಬದಿ "ಇಕೋ", "ನಾರ್ಮಲ್" ಅಥವಾ "ವೈಡ್" ಎಂದಿರುತ್ತದೆ.

ಕಂಪ್ಯೂಟರಿನ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟಿಗೆ ಇಳಿಸುವ, ಕ್ಯಾಬಿನೆಟ್ಟಿನ ಒಳಗಿನ ಡಬ್ಬಿ) ಕರೆಂಟ್ ಪೂರ್ತಿ ಹೋದ ಮೇಲೂ ತನ್ನ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಉಳಿದ ಶಕ್ತಿಯಿಂದ ಒಂದಿಷ್ಟು ಹೊತ್ತು ಉಸಿರು ಹಿಡಿಯುತ್ತದೆ. ಈ ಡಬ್ಬಿಗಳಿಗಿರುವ ಎಟಿಎಕ್ಸ್ ಮಾನದಂಡ ಕೇಳುವುದು ಸುಮಾರು 16 ಮಿಲಿಸೆಕೆಂಡ್. ಯುಪಿಎಸ್ ಸ್ಥಾನದಲ್ಲಿ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಹತ್ತು ಮಿಲಿಸೆಕೆಂಡಿನ ಆಸುಪಾಸು ಬೇಕು, ಅದು ಸಾಕು. ವೈಡ್ ಸ್ಥಾನದಲ್ಲಿ ಇಪ್ಪತ್ತು, ಮೂವತ್ತಕ್ಕೂ ಹೋಗುತ್ತದೆ, ಜೊತೆಗೆ ಲೈನಿನಲ್ಲಿ ನೂರರ ಹತ್ತಿರ ವೋಲ್ಟ್ ಇದ್ದರೂ ಅದನ್ನೇ ಒಳಗೆ ಬಿಡುತ್ತದೆ. ಫ್ಯಾನಿಗೆ ಪರವಾಗಿಲ್ಲ, ಕಂಪ್ಯೂಟರಿಗೆ ಆಗದು. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿ, ಸಂಜೆ ಹೊತ್ತು ಒಂದು ವಾರ ಬಳಸಿ ನೋಡಿ. ಬಹಳ ಮನೆಗಳಲ್ಲಿ ಖರ್ಚು ಅಲ್ಲಿಗೇ ಮುಗಿಯುತ್ತದೆ.

ಆದರೆ ಯುಪಿಎಸ್ ಸ್ಥಾನದಲ್ಲಿ ಇನ್ವರ್ಟರು 180 ವೋಲ್ಟಿನ ಆಸುಪಾಸಿಗೇ ಬ್ಯಾಟರಿ ಹಿಡಿಯುತ್ತದೆ. ನೀರು ಬಿಡುವ ಕಾಲದಲ್ಲಿ ವೋಲ್ಟೇಜು ಗಂಟೆಗಟ್ಟಲೆ 170ರಲ್ಲೇ ನಿಂತರೆ ಇಡೀ ಮನೆ ಬ್ಯಾಟರಿಯಲ್ಲಿ ಓಡಿ ರಾತ್ರಿ ಊಟದ ಹೊತ್ತಿಗೆ ಖಾಲಿ. ಅಂಥ ಮನೆಗೆ ಸರಿಯಾದ ಉಪಾಯ: ಇನ್ವರ್ಟರ್ ವೈಡ್‌ನಲ್ಲೇ ಇರಲಿ, ಕಂಪ್ಯೂಟರಿಗೆ ಮಾತ್ರ ಕೆಳಮಿತಿ 140ರ ಸುಮಾರಿನ ಪ್ರತ್ಯೇಕ ಯುಪಿಎಸ್ ಹಾಕಿ. ಇನ್ವರ್ಟರ್ ಸ್ಕ್ವೇರ್ ವೇವ್ (ಚೌಕಾಕಾರದ ಅಲೆಯ ಕರೆಂಟ್ ಕೊಡುವ) ಜಾತಿಯದಾದರೆ ಯುಪಿಎಸ್ಸನ್ನು ಅದರ ಸಾಲಿನ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಆ ಅಲೆಯನ್ನು ಕೆಟ್ಟ ಕರೆಂಟ್ ಎಂದೇ ಯುಪಿಎಸ್ ತಿಳಿದು ಬ್ಯಾಟರಿಯಲ್ಲೇ ಕೂತುಬಿಡುತ್ತದೆ. ಲೈನಿನ ಕರೆಂಟಿನಂತೆ ನಯವಾದ ಅಲೆ ಕೊಡುವ ಶುದ್ಧ ಸೈನ್ ವೇವ್ ಇನ್ವರ್ಟರಾದರೆ ತೊಂದರೆ ಇಲ್ಲ.

ಆಫ್ ಆಗುವ ರೀತಿಯೇ ರೋಗ ಹೇಳುತ್ತದೆ

ಕಂಪ್ಯೂಟರನ್ನು ಬಿಚ್ಚುವುದಕ್ಕಿಂತ ಮೊದಲು ಅದು ಬರೆದಿಟ್ಟ ದಾಖಲೆ ಓದಬೇಕು. ವಿಂಡೋಸಿನಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಈವೆಂಟ್ ವ್ಯೂವರ್, ಅದರಲ್ಲಿ ವಿಂಡೋಸ್ ಲಾಗ್ಸ್, ಅದರಲ್ಲಿ ಸಿಸ್ಟಮ್. ಆಫ್ ಆದ ಹೊತ್ತಿನ ಸುತ್ತಲಿನ ಸಾಲುಗಳನ್ನು, ಮುಖ್ಯವಾಗಿ ಕೆಂಪು ಗುರುತಿನವನ್ನು, ನೋಡಿ. ಕರ್ನಲ್-ಪವರ್ 41 ಎಂಬುದು ಹೆಚ್ಚಾಗಿ ಸಿಗುತ್ತದೆ, ಅದನ್ನು ನೋಡಿ ಎಸ್‌ಎಂಪಿಎಸ್ ಹೋಯಿತು ಎಂದು ನಿರ್ಧರಿಸುವವರಿದ್ದಾರೆ. ಅದು ತಪ್ಪು. 41 ಹೇಳುವುದು "ಕಳೆದ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ" ಎಂದಷ್ಟೇ, ಮತ್ತು ಅದರ ಸಮಯ ಆಫ್ ಆದದ್ದಲ್ಲ, ಮತ್ತೆ ಆನ್ ಆದದ್ದು. ಆಫ್ ಆದ ಸಮಯ 6008ರ ವಾಕ್ಯದೊಳಗೆ ಇರುತ್ತದೆ. 41ನ್ನು ತೆರೆದು ವಿವರದಲ್ಲಿ ಬಗ್‌ಚೆಕ್ ಕೋಡ್ (ವಿಂಡೋಸ್ ಕುಸಿದಾಗ ಬರೆದಿಡುವ ದೋಷದ ಅಂಕಿ) ನೋಡಿ. ಸೊನ್ನೆ ಇದ್ದರೆ ವಿಂಡೋಸಿಗೆ ಏನೂ ತಿಳಿಯುವ ಮೊದಲೇ ಕರೆಂಟು ಕಡಿದಿದೆ: ಲೈನು, ಯುಪಿಎಸ್, ಎಸ್‌ಎಂಪಿಎಸ್, ಪವರ್ ಸ್ವಿಚ್, ಇಲ್ಲವೇ ವಿಪರೀತ ಬಿಸಿ. ಸೊನ್ನೆಯಲ್ಲದ ಅಂಕಿ ಇದ್ದರೆ ನೀಲಿ ಪರದೆ ಬಂದು ಹೋಗಿದೆ: ರ‍್ಯಾಮ್, ಡ್ರೈವರ್, ಡಿಸ್ಕ್ ಕಡೆ ನೋಡಬೇಕು. ಕರ್ನಲ್-ಪವರ್ 86 ಇದ್ದರೆ ಬಿಸಿಯೇ ಕಾರಣ. 1074 ಇದ್ದರೆ ಅಪ್‌ಡೇಟೋ ಯಾವುದೋ ಪ್ರೋಗ್ರಾಮೋ ಕ್ರಮವಾಗಿಯೇ ರೀಸ್ಟಾರ್ಟ್ ಮಾಡಿಸಿದೆ, ಯಂತ್ರದಲ್ಲಿ ದೋಷವೇ ಇಲ್ಲ.

ನೀಲಿ ಪರದೆ ಕಣ್ಣಿಗೆ ಬೀಳುವ ಮೊದಲೇ ಮಾಯವಾಗುತ್ತಿದ್ದರೆ ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಸ್ಟಾರ್ಟಪ್ ಆಂಡ್ ರಿಕವರಿ ತೆರೆದು "ಆಟೋಮ್ಯಾಟಿಕಲಿ ರೀಸ್ಟಾರ್ಟ್" ಎದುರಿನ ಗುರುತು ತೆಗೆಯಿರಿ. ಮುಂದಿನ ಸಲ ಪರದೆ ನಿಲ್ಲುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆಯಬಹುದು.

ನಮ್ಮ ಕಡೆ ಮಕ್ಕಳ ಶಾಲೆಯ ಪಾಠಕ್ಕಾಗಿ ಕೈಟ್‌ನ (ಕೇರಳದ ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸರಕಾರಿ ಸಂಸ್ಥೆಯ) ಉಬುಂಟು ಆಧಾರಿತ ಗ್ನು/ಲಿನಕ್ಸ್ ಹಾಕಿಸಿಕೊಂಡ ಮನೆಗಳೂ ಇವೆ. ಅಲ್ಲಿ ಟರ್ಮಿನಲ್ ತೆರೆದು "ಲಾಸ್ಟ್ -ಎಕ್ಸ್" (last -x) ಎಂಬ ಆದೇಶ ಕೊಟ್ಟರೆ ಯಾವ ದಿನ ಕ್ರಮವಾಗಿ ಶಟ್‌ಡೌನ್ ಆಗಿದೆ, ಯಾವ ದಿನ "ಕ್ರ್ಯಾಶ್" ಎಂದು ಬಿದ್ದಿದೆ ಎಂಬ ಪಟ್ಟಿ ಬರುತ್ತದೆ. "ಜರ್ನಲ್‌ಸಿಟಿಎಲ್ -ಬಿ -1 -ಇ" (journalctl -b -1 -e) ಕಳೆದ ಸಲದ ಕೊನೆಯ ಸಾಲುಗಳನ್ನು ತೋರಿಸುತ್ತದೆ. ಆ ಸಾಲುಗಳು ಮಾಮೂಲಿ ಕೆಲಸದ ನಡುವೆ ಗಕ್ಕನೆ ನಿಂತಿದ್ದರೆ ಕರೆಂಟು ಕಡಿದದ್ದೇ ಸರಿ.

ದಾಖಲೆಯ ಜೊತೆ ಕಣ್ಣಿನ ಸಾಕ್ಷಿಯೂ ಬೇಕು. ಆಫ್ ಆದ ಮೇಲೆ ಪವರ್ ಗುಂಡಿ ಒತ್ತಿದರೆ ಏನೂ ಆಗದೆ, ಗೋಡೆಯ ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಹಾಕಿದರೆ ಮಾತ್ರ ಆನ್ ಆಗುತ್ತದೆಯೇ? ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ತಾನೇ ಬೀಗ ಹಾಕಿಕೊಂಡಿದೆ, ಅದೇ ಸೋತಿದೆ ಅಥವಾ ಒಳಗೆಲ್ಲೋ ಶಾರ್ಟ್ ಇದೆ. ಆಟ ಆಡುವಾಗ ಮಾತ್ರ ಆಫ್ ಆಗುತ್ತದೆಯೇ? ಬಿಸಿ ಅಥವಾ ಎಸ್‌ಎಂಪಿಎಸ್ ತಾಕತ್ತು. ಆನ್ ಮಾಡಿದ ನಾಲ್ಕು ಸೆಕೆಂಡಿಗೇ ಆಫ್ ಆಗುತ್ತದೆಯೇ? ಮುಂದಿನ ಪವರ್ ಗುಂಡಿ ಒಳಗೆ ಸಿಕ್ಕಿಕೊಂಡಿರಬಹುದು, ಏಕೆಂದರೆ ಗುಂಡಿಯನ್ನು ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಯಂತ್ರ ಆಫ್ ಆಗಲೇಬೇಕೆಂಬುದು ನಿಯಮ. ಕುಂಬಳೆ, ಮಂಜೇಶ್ವರದ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಈ ಸಣ್ಣ ಸ್ವಿಚ್ಚು ತುಕ್ಕು ಹಿಡಿದು ಅಂಟಿಕೊಳ್ಳುವುದು ಅಪರೂಪವಲ್ಲ. ಮದರ್‌ಬೋರ್ಡಿನಿಂದ ಪವರ್ ಸ್ವಿಚ್ಚಿನ ಎರಡು ತಂತಿಯ ಪ್ಲಗ್ ಕಿತ್ತು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಿ ಆನ್ ಮಾಡಿ. ಆಮೇಲೆ ಆಫ್ ಆಗದಿದ್ದರೆ ದೋಷ ಸ್ವಿಚ್ಚಿನದೇ. ರೀಸೆಟ್ ಗುಂಡಿಯ ತಂತಿಯನ್ನು ಅಲ್ಲಿಗೆ ಸಿಕ್ಕಿಸಿದರೆ ಒಂದು ಪೈಸೆ ಖರ್ಚಿಲ್ಲದೆ ಅದೇ ಪವರ್ ಗುಂಡಿಯಾಗುತ್ತದೆ.

ಯುಪಿಎಸ್ಸಿಗಿಂತ ಮೊದಲು ಎಸ್‌ಎಂಪಿಎಸ್

ಎರಡಕ್ಕೂ ದುಡ್ಡು ಇಲ್ಲದಿದ್ದರೆ, ಅಗ್ಗದ ಎಸ್‌ಎಂಪಿಎಸ್ ಇರುವ ಕಂಪ್ಯೂಟರಿಗೆ ಮೊದಲು ಬದಲಿಸಬೇಕಾದದ್ದು ಅದನ್ನೇ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಎಂಬಂತೆ ಬರುವ "450 ವ್ಯಾಟ್" ಎಸ್‌ಎಂಪಿಎಸ್ಸಿನ ಚೀಟಿಯಲ್ಲಿ 12 ವೋಲ್ಟಿನ ಸಾಲು ಓದಿ. 12 ಆಂಪಿಯರ್ ಎಂದಿದ್ದರೆ ಲೆಕ್ಕ 144 ವ್ಯಾಟ್. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನುವುದು 12 ವೋಲ್ಟಿನಿಂದಲೇ. ಕೋರ್ ಐ3-12100 ಪ್ರೊಸೆಸರ್ ಪೂರ್ತಿ ದುಡಿಯುವಾಗ 89 ವ್ಯಾಟ್ ತನಕ, ಜಿಟಿಎಕ್ಸ್ 1650 ಕಾರ್ಡ್ 75 ವ್ಯಾಟ್, ಫ್ಯಾನು, ಡಿಸ್ಕು, ಬೋರ್ಡು ಸೇರಿ ಇನ್ನು ನಲವತ್ತೈವತ್ತು: ಒಟ್ಟು 210ರ ಆಸುಪಾಸು. ಚೀಟಿಯ ದೊಡ್ಡಕ್ಷರದಲ್ಲಿ 450 ಎಂದಿದ್ದರೂ 144ರ ಸಾಲು ಇದನ್ನು ಹೊರಲಾರದು. ಆಟ ಶುರುವಾದ ಐದು ನಿಮಿಷಕ್ಕೆ ಆಫ್ ಆಗುವ ಕಂಪ್ಯೂಟರಿಗೆ ಎಂಥ ಯುಪಿಎಸ್ ಕೊಟ್ಟರೂ ಅದು ಆಫ್ ಆಗಿಯೇ ತೀರುತ್ತದೆ.

80 ಪ್ಲಸ್ ಬ್ರಾಂಜ್ ಗುರುತಿನ (ಕರೆಂಟ್ ಕಡಿಮೆ ಪೋಲು ಮಾಡುವುದಕ್ಕೆ ಕೊಡುವ ಗುರುತು) ನಿಜವಾದ 450 ವ್ಯಾಟಿನದು ಮೂರು ಸಾವಿರದ ಆಚೀಚೆ ಸಿಗುತ್ತದೆ, ಮೂರರಿಂದ ಐದು ವರ್ಷದ ವಾರಂಟಿ ಇರುತ್ತದೆ. ಕೊಳ್ಳುವಾಗ ಇನ್‌ಪುಟ್ ಸಾಲು ಓದಿ: 100-240 ಎಂದಿದೆಯೋ, 200-240 ಎಂದಿದೆಯೋ. ತೋಟದ ಬದಿಯವರಿಗೆ 100-240 ಇರುವುದೇ ಬೇಕು. ಇದರ ಹಿಂದೆ ಗಟ್ಟಿ ಕಾರಣವಿದೆ. ಹಳೆ ಜಾತಿಯ ಎಸ್‌ಎಂಪಿಎಸ್ಸಿನಲ್ಲಿ 230 ವೋಲ್ಟ್ ಬಂದರೆ ಒಳಗಿನ ಕೆಪಾಸಿಟರ್ 325ಕ್ಕೆ ತುಂಬುತ್ತದೆ, 170 ಬಂದರೆ 240ಕ್ಕೆ ಮಾತ್ರ. ಕೆಪಾಸಿಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಅಂದರೆ ಸಂಜೆ ಲೈನು ಕುಸಿದಿರುವಾಗ ಅದರ ಉಸಿರು ಮೊದಲೇ ಗಿಡ್ಡ, ಆ ಹೊತ್ತಿಗೆ ಪಕ್ಕದ ತೋಟದ ಪಂಪು ಸ್ಟಾರ್ಟ್ ಆದರೆ ಸಾಕು, ಕಂಪ್ಯೂಟರ್ ರೀಸ್ಟಾರ್ಟ್. ಆಕ್ಟಿವ್ ಪಿಎಫ್‌ಸಿ (ಲೈನಿನಿಂದ ಎಳೆಯುವ ಕರೆಂಟನ್ನು ತಾನೇ ಹದಮಾಡುವ ಸರ್ಕಿಟ್) ಇರುವ 100-240ರ ಎಸ್‌ಎಂಪಿಎಸ್ ಲೈನಿನಲ್ಲಿ ಎಷ್ಟೇ ಬರಲಿ ತನ್ನ ಕೆಪಾಸಿಟರನ್ನು 380ರ ಸುಮಾರಿನಲ್ಲೇ ಇಟ್ಟುಕೊಳ್ಳುತ್ತದೆ. ವೋಲ್ಟೇಜು ತೀರಾ ಕೆಟ್ಟಿರದ ಮನೆಯಲ್ಲಿ ಇದೊಂದನ್ನು ಬದಲಿಸಿದರೆ ಯುಪಿಎಸ್ ಇಲ್ಲದೆಯೂ ಸಂಜೆಯ ರೀಸ್ಟಾರ್ಟ್ ನಿಲ್ಲಬಹುದು.

ಇಲ್ಲೊಂದು ತೊಡಕಿದೆ, ಅದನ್ನು ಅಂಗಡಿಯಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಅಗ್ಗದ 600 ವಿಎ ಯುಪಿಎಸ್ ಬ್ಯಾಟರಿಯಲ್ಲಿರುವಾಗ ಕೊಡುವುದು ಸೈನ್ ವೇವ್ ಅಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ. ಆಕ್ಟಿವ್ ಪಿಎಫ್‌ಸಿಯ ಕೆಲವು ಎಸ್‌ಎಂಪಿಎಸ್‌ಗಳು ಆ ಬದಲಾವಣೆಯ ಕ್ಷಣದಲ್ಲಿ ಒಮ್ಮೆಲೇ ದೊಡ್ಡ ಕರೆಂಟ್ ಎಳೆದು ಯುಪಿಎಸ್ಸನ್ನೇ ಓವರ್‌ಲೋಡ್ ಮಾಡಿ ಆಫ್ ಮಾಡಿಸುತ್ತವೆ. ಒಟ್ಟು ಹೊರೆ ಯುಪಿಎಸ್ಸಿನ ಅರ್ಧದೊಳಗೆ, ಅಂದರೆ 180 ವ್ಯಾಟಿನೊಳಗೆ ಇದ್ದರೆ ಹೆಚ್ಚಾಗಿ ತೊಂದರೆ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ 600 ವಿಎ ಬೇಡ, 1000 ವಿಎ ಅಥವಾ ಸೈನ್ ವೇವ್ ಯುಪಿಎಸ್ ನೋಡಿ. ಪರೀಕ್ಷೆಗೆ ಸುರಕ್ಷಿತ ದಾರಿ ಇದು: ಕಂಪ್ಯೂಟರ್ ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆಯಲ್ಲಿ) ನಿಲ್ಲಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ. ಅಲ್ಲಿ ಡಿಸ್ಕಿಗೆ ಏನೂ ಬರೆಯುತ್ತಿರುವುದಿಲ್ಲ, ಆಫ್ ಆದರೂ ಕಡತ ಕೆಡುವುದಿಲ್ಲ. ಹತ್ತು ಸಲ ಆಫ್-ಆನ್ ಮಾಡಿ ಹತ್ತೂ ಸಲ ನಿಂತರೆ ಜೋಡಿ ಸರಿ.

ಎಸ್‌ಎಂಪಿಎಸ್ ಕೆಟ್ಟಿದೆಯೇ ಎಂದು ತಿಳಿಯಲು ಕಂಪ್ಯೂಟರ್ ಓಡುತ್ತಿರುವಾಗ ಬಳಸದೆ ಉಳಿದ ನಾಲ್ಕು ಪಿನ್ನಿನ ಬಿಳಿ ಪ್ಲಗ್ಗಿನಲ್ಲಿ, ಮಲ್ಟಿಮೀಟರ್ ಡಿಸಿ 20ಕ್ಕಿಟ್ಟು, ಹಳದಿ ಮತ್ತು ಕಪ್ಪು ತಂತಿಯ ನಡುವೆ ಅಳೆಯಿರಿ. 11.4ರಿಂದ 12.6 ಇರಬೇಕು. ಕೆಂಪು-ಕಪ್ಪು 4.75ರಿಂದ 5.25. ಭಾರದ ಕೆಲಸ ಕೊಟ್ಟಾಗ 12 ಇಳಿಯುತ್ತ 11.5ಕ್ಕೆ ಬಂದರೆ ಅದರ ದಿನ ಮುಗಿಯುತ್ತ ಬಂದಿದೆ. ಪರದೆಯ ಮೇಲೆ ವೋಲ್ಟೇಜು ತೋರಿಸುವ ಸಾಫ್ಟ್‌ವೇರನ್ನು ಇದಕ್ಕೆ ನಂಬಬೇಡಿ, ಬೋರ್ಡಿನ ಸೆನ್ಸರುಗಳು ಬಹಳ ಸಲ ತಪ್ಪು ಹೇಳುತ್ತವೆ. ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ 300ಕ್ಕಿಂತ ಹೆಚ್ಚು ವೋಲ್ಟ್ ಒಳಗೆ ಕೂತಿರಬಹುದು. ನಮ್ಮ ಕಡೆ ಹಲ್ಲಿಯೂ ಇರುವೆಯೂ ಬೆಚ್ಚಗಿನ ಆ ಡಬ್ಬಿಯನ್ನು ಹುಡುಕಿಕೊಂಡು ಹೋಗುತ್ತವೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಕ್ಯಾಬಿನೆಟ್ಟಿನ ಹಿಂದೆ ತೆರೆದಿರುವ ಸ್ಲಾಟುಗಳಿಗೆ ತಗಡಿನ ಪಟ್ಟಿ ಹಾಕಿ ಮುಚ್ಚುವುದು ಇದಕ್ಕೆ ಅತಿ ಅಗ್ಗದ ರಕ್ಷಣೆ.

ಬಿಸಿ, ರ‍್ಯಾಮ್

ಈಗಿನ ಪ್ರೊಸೆಸರ್ ಬಿಸಿಯಾದರೆ ಮೊದಲು ವೇಗ ಇಳಿಸುತ್ತದೆ, ತಕ್ಷಣ ಆಫ್ ಆಗುವುದಿಲ್ಲ. ಇಂಟೆಲ್ಲಿನ ಹೆಚ್ಚಿನವು 100 ಡಿಗ್ರಿಗೆ, ರೈಜನ್ 5 3600ರಂಥವು 95ಕ್ಕೆ ತಡೆ ಹಾಕಿಕೊಳ್ಳುತ್ತವೆ. ಅದನ್ನೂ ಮೀರಿ ಆಫ್ ಆಗುತ್ತಿದೆ ಎಂದರೆ ಬರೀ ಧೂಳಲ್ಲ, ಕೂಲರ್ ತಳ ಬಿಟ್ಟು ಎದ್ದಿದೆ ಅಥವಾ ಫ್ಯಾನ್ ನಿಂತಿದೆ. ಇಂಟೆಲ್ಲಿನ ಬಾಕ್ಸ್ ಕೂಲರಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಬಿಟ್ಟುಕೊಂಡಿರುವುದು ಬಹಳ ಸಾಮಾನ್ಯ, ಕ್ಯಾಬಿನೆಟ್ ಸಾಗಿಸಿದ ಮೇಲಂತೂ ನೋಡಲೇಬೇಕು. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಉಷ್ಣತೆ ನೋಡಿ. ಸುಮ್ಮನಿದ್ದಾಗಲೇ 70 ದಾಟಿದ್ದರೆ ಕೂಲರ್ ತೆಗೆದು, ಹಳೆ ಥರ್ಮಲ್ ಪೇಸ್ಟನ್ನು (ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು, ಎದುರುಬದುರಿನ ಕಾಲುಗಳನ್ನು ಜೋಡಿಯಾಗಿ ಒತ್ತಿ. ಎಎಂಡಿಯ ಎಎಂ4 ಬೋರ್ಡಾದರೆ ಹತ್ತು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ಆಫ್ ಮಾಡಿ ಕೂಲರನ್ನು ಸ್ವಲ್ಪ ಹೊರಳಿಸಿ ತೆಗೆಯಿರಿ, ಇಲ್ಲದಿದ್ದರೆ ಪ್ರೊಸೆಸರೂ ಜೊತೆಗೆ ಕಿತ್ತು ಬರುತ್ತದೆ. ಅಡಿಕೆ ಸುಲಿಯುವ ಚಾವಡಿಯಲ್ಲೇ ಕಂಪ್ಯೂಟರ್ ಇದ್ದರೆ ಸಿಪ್ಪೆಯ ನಾರು ಹೀಟ್‌ಸಿಂಕಿನ ಸಂದಿಗಳಲ್ಲಿ ಹತ್ತಿಯಂತೆ ಕೂತಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದೇ ಊದಬೇಕು.

ರ‍್ಯಾಮಿನ ಪರೀಕ್ಷೆಗೆ ಮೆಮ್‌ಟೆಸ್ಟ್86ನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ಯಾವುದೆಂದು ಹುಡುಕಿ.

ಸಿಡಿಲು, ಅರ್ತಿಂಗ್

ಪತ್ತನಾಜೆಗೆ ಮುಂಚಿನ ಮಳೆ, ಮತ್ತೆ ತುಲಾ ತಿಂಗಳ (ಅಕ್ಟೋಬರ್-ನವೆಂಬರಿನ) ಮಳೆ, ಈ ಎರಡರಲ್ಲೂ ಸಿಡಿಲು ಜೋರು. ಯುಪಿಎಸ್ ಪೆಟ್ಟಿಗೆಯ ಮೇಲೆ "ಸರ್ಜ್ ಪ್ರೊಟೆಕ್ಷನ್" ಎಂದು ಬರೆದಿರುವುದು ನಿಜ, ಆದರೆ ಅದು ಪೂರ್ತಿ ಕೆಲಸ ಮಾಡಬೇಕಾದರೆ ಅರ್ತಿಂಗ್ ಸರಿ ಇರಬೇಕು. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಹಂಚಿನಂತಾಗುತ್ತದೆ, ಅದರಲ್ಲಿ ಕರೆಂಟು ಸುಲಭವಾಗಿ ಇಳಿಯುವುದಿಲ್ಲ. ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ಕೈ ಜುಮ್ಮೆನ್ನುವುದು ಅರ್ತ್ ಇಲ್ಲದ್ದಕ್ಕೆ ಸಾಕ್ಷಿ, ಏಕೆಂದರೆ ಎಸ್‌ಎಂಪಿಎಸ್ಸಿನ ಫಿಲ್ಟರ್ ಕೆಪಾಸಿಟರುಗಳು ಆಗ ತಗಡಿನ ಮೇಲೆ ಸುಮಾರು ಅರ್ಧ ವೋಲ್ಟೇಜನ್ನು ನಿಲ್ಲಿಸುತ್ತವೆ. ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆದಾಗ ಎರಡು ಮೂರು ವೋಲ್ಟಿನೊಳಗಿದ್ದರೆ ಚೆನ್ನ, ಐದು ದಾಟಿದರೆ ಎಲೆಕ್ಟ್ರಿಷಿಯನ್ ಕರೆಸಿ. ಪೈಪ್ ಅರ್ತಿಂಗಿಗೆ ಎರಡೂವರೆ ಮೀಟರ್ ಉದ್ದದ ಜಿಐ ಪೈಪು ಬೇಕು. ಮುರಕಲ್ಲು ಗಟ್ಟಿಯೆಂದು ಮೂರಡಿಗೆ ನಿಲ್ಲಿಸಿಬಿಡುವವರಿದ್ದಾರೆ, ಎದುರು ನಿಂತು ಹಾಕಿಸಿ. ಬೇಸಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ಎರಡು ಕೊಡ ನೀರು ಹಾಕಬೇಕು. ಇಷ್ಟಿದ್ದರೂ ಗುಡುಗು ಹತ್ತಿರವಾದಾಗ ಪ್ಲಗ್ ಕೀಳುವುದೊಂದೇ ಭರವಸೆ. ಇಂಟರ್ನೆಟ್ ತಾಮ್ರದ ತಂತಿಯಲ್ಲಿ ಬರುವುದಾದರೆ ಅದನ್ನೂ ಕೀಳಿ.

ಕೊಳ್ಳುವಾಗ, ಕೊಂಡ ಮೇಲೆ

ಯುಪಿಎಸ್ಸಿನ ಹಿಂದೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಕೆಳಗೆ "ಆರ್" ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಕಾಸರಗೋಡಿಗೆ ಹತ್ತಿರದ ಸರ್ವಿಸ್ ಸೆಂಟರ್ ಎಷ್ಟೋ ಕಂಪನಿಗಳಿಗೆ ಐವತ್ತು ಕಿಲೋಮೀಟರ್ ಆಚೆ ಮಂಗಳೂರಿನಲ್ಲಿರುತ್ತದೆ, ಅಥವಾ ಕೇರಳದೊಳಗೇ ಕಣ್ಣೂರಿಗೋ ಕೋಯಿಕ್ಕೋಡಿಗೋ ಹೋಗಬೇಕಾಗುತ್ತದೆ. ಕೇರಳದ ಬಿಲ್ಲಿಗೆ ಮಂಗಳೂರಿನಲ್ಲಿ ವಾರಂಟಿ ಕೊಡುತ್ತಾರೋ ಎಂದು ಕೊಳ್ಳುವ ಮುನ್ನವೇ ಕಂಪನಿಯ ಸಹಾಯವಾಣಿಯಲ್ಲಿ ಕೇಳಿ ತಿಳಿಯಿರಿ. ಬ್ಯಾಟರಿಗೆ ಎಷ್ಟು ವರ್ಷ, ಉಳಿದದ್ದಕ್ಕೆ ಎಷ್ಟು ವರ್ಷ ಎಂಬುದನ್ನೂ ಬೇರೆ ಬೇರೆಯಾಗಿ ಕೇಳಿ.

ಮನೆಗೆ ತಂದ ಮೇಲೆ ಮೊದಲು ಎಂಟು ಗಂಟೆ ಚಾರ್ಜ್ ಮಾಡಿ. ಕಂಪ್ಯೂಟರ್, ಮಾನಿಟರ್, ಬೇಕಿದ್ದರೆ ವೈಫೈ ರೂಟರ್, ಇಷ್ಟೇ ಅದಕ್ಕೆ ಸಿಕ್ಕಿಸಬೇಕು. ಲೇಸರ್ ಪ್ರಿಂಟರ್ ಕೂಡದು, ಅದರ ಹೀಟರ್ ಒಂದೇ ಗುಕ್ಕಿಗೆ 600 ವ್ಯಾಟಿಗಿಂತ ಹೆಚ್ಚು ಎಳೆದು ಯುಪಿಎಸ್ಸನ್ನು ಕೆಡವುತ್ತದೆ. ಹಂಚಿನ ಮಾಡಿನ ಅಟ್ಟದ ಸೆಕೆಯಲ್ಲಿಯೂ ಬಿಸಿಲು ಬೀಳುವ ಕಿಟಕಿಯ ಕೆಳಗೂ ಇಡಬೇಡಿ. ಉಷ್ಣತೆ ಎಂಟು ಹತ್ತು ಡಿಗ್ರಿ ಏರಿದರೆ ಲೆಡ್-ಆಸಿಡ್ ಬ್ಯಾಟರಿಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ.

ಎರಡು ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಬೇಕಾಗುತ್ತದೆ, ಇಡೀ ಯುಪಿಎಸ್ಸನ್ನಲ್ಲ. ಬ್ಯಾಟರಿಯ ಬೆಲೆ ಹೊಸ ಯುಪಿಎಸ್ಸಿನ ಮೂರನೇ ಒಂದು ಪಾಲಿನ ಆಸುಪಾಸು. ಪೂರ್ತಿ ಚಾರ್ಜ್ ಮಾಡಿ, ತಂತಿ ಬಿಡಿಸಿ, ಎರಡು ಗಂಟೆ ಬಿಟ್ಟು ಅಳೆದಾಗ 12.7ರ ಮೇಲಿದ್ದರೆ ಚೆನ್ನಾಗಿದೆ, 12.4ರ ಕೆಳಗಿದ್ದರೆ ಮುಗಿದಿದೆ. ಅಂಚು ಉಬ್ಬಿದ ಬ್ಯಾಟರಿಯನ್ನು ಅಳೆಯುವ ಗೋಜಿಗೇ ಹೋಗದೆ ತೆಗೆಯಿರಿ. ಬದಲಿಸುವಾಗ ಗೋಡೆಯ ಪ್ಲಗ್ ಕಿತ್ತು, ತಳದ ಸ್ಕ್ರೂಗಳನ್ನು ಬಿಚ್ಚಿ, ಮೊದಲು ಕಪ್ಪು ತಂತಿ, ಆಮೇಲೆ ಕೆಂಪು ತೆಗೆಯಿರಿ. ಹಾಕುವಾಗ ಕೆಂಪು ಮೊದಲು. ಹೊಸದರ ಅಳತೆ 12 ವೋಲ್ಟ್ 7 ಆಂಪಿಯರ್-ಅವರ್ ಎಂದೇ ಇರಲಿ, ಟರ್ಮಿನಲ್ಲಿನ ಅಗಲವೂ ಹಳೆಯದಕ್ಕೆ ಸರಿಹೊಂದಲಿ. ಕೊಳ್ಳುವಾಗ ತಯಾರಾದ ತಿಂಗಳು ನೋಡಿ: ಚಾರ್ಜಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ಬ್ಯಾಟರಿ ಹೊಸತೆಂದು ಹೇಳಿ ಕೊಟ್ಟರೂ ಹಳೆಯದೇ. ಹಳೆಯದನ್ನು ಅಂಗಡಿಗೇ ಹಿಂದಿರುಗಿಸಿದರೆ ಸೀಸದ ಬೆಲೆಯಾಗಿ ಸ್ವಲ್ಪ ಕಡಿಮೆ ಮಾಡಿಕೊಡುತ್ತಾರೆ. ಹೊಸದನ್ನು ಒಳಗೆ ಕೂರಿಸುವ ಮೊದಲು ಅದರ ಮೇಲೆ ಮಾರ್ಕರಿನಲ್ಲಿ ಆ ದಿನದ ತಾರೀಕು ಬರೆಯಿರಿ, ಅದೇ ತಾರೀಕನ್ನು ಯುಪಿಎಸ್ಸಿನ ಹೊರಮೈ ಮೇಲೂ ಒಂದು ಚೀಟಿಯಲ್ಲಿ ಅಂಟಿಸಿ.